ಅಟ್ಟದ ಮೊದಲ ಕೊಬ್ಬರಿ

ಹಾಲ್ಕುರಿಕೆ
2 ಸೆಪ್ಟೆಂಬರ್ 1974

ಚಿರಂಜೀವಿ ಗಿರಿಜಾಂಬಿಕೆಗೆ,

ಪರದೆ ಏಳಲಿ! ಹಾರ್ಮೋನಿಯಂ ನುಡಿಯಲಿ! ಹಾಲ್ಕುರಿಕೆಯ ರೇವಣಸಿದ್ದಯ್ಯನ ಏಕಮಾತ್ರ ಪುತ್ರಿ ಮೈಸೂರಿನ ಮೆಡಿಕಲ್ ಕಾಲೇಜೆಂಬ ರಂಗಸ್ಥಳವನ್ನು ಪ್ರವೇಶಿಸಿದ್ದಾಳೆ!

ನಿನ್ನನ್ನು ಹಾಸ್ಟೆಲಿನ ಬಾಗಿಲಲ್ಲಿ ಬಿಟ್ಟ ಮೇಲೆ ಅರಸೀಕೆರೆಯಲ್ಲಿ ಗಾಡಿ ಬದಲಾಯಿಸುವವರೆಗೂ ನಾನು ಬಾಯಿ ತೆರೆಯಲಿಲ್ಲ. ಎದುರಿಗೆ ಕೂತವನು, "ಯಾಕ್ ಸ್ವಾಮಿ, ಹಲ್‌ನೋವಾ?" ಎಂದು ಕೇಳಿದ. ವಜ್ರಕೇತು ಮಹಾರಾಜನ ಪಾತ್ರದಲ್ಲಿ ಮೈಕಿಲ್ಲದೆ ಮೂರೂರ ಜನಕ್ಕೆ ಕೇಳಿಸುವ ನನ್ನನ್ನು, ಮಗಳೇ, ಹಲ್ಲುನೋವಾ ಎಂದು ಕೇಳಿದ! ನಾನು ಕಿಟಕಿಯಾಚೆ ನೋಡಿದೆ. ನಿನ್ನಮ್ಮನಿಗೆ ಇದನ್ನು ಹೇಳಿಲ್ಲ. ನೀನೂ ಹೇಳಬೇಡ.

ಈ ಜೊತೆಗೆ ಒಂದು ಕೊಬ್ಬರಿ ಕಳಿಸಿದ್ದೇನೆ. ಒಂದೇ ಒಂದು. ಏನೆಂದು ನಿನಗೆ ಗೊತ್ತು. ನಿನ್ನೆ ಅಟ್ಟದ ಕಾಯಿ ಇಳಿಸಿದೆವು. ವರ್ಷವಿಡೀ ಅಟ್ಟದ ಮೇಲೆ ಮಲಗಿ, ಒಳಗಿನ ನೀರು ಒಳಗೇ ಇಂಗಿ, ಚಿಪ್ಪು ಬಿಟ್ಟು, ಕಿವಿಯ ಬಳಿ ಅಲ್ಲಾಡಿಸಿದರೆ ಗಡಗಡ ಎನ್ನುವ ಕಾಯಿಗಳಲ್ಲಿ ಮೊದಲು ಒಡೆದದ್ದು ನಮ್ಮ ಮನೆಯಲ್ಲಿ ದೇವರಿಗೂ ಇಲ್ಲ, ಮಂಡಿಗೂ ಇಲ್ಲ. ಅದು ಮನೆಯ ಮಗುವಿಗೆ. ನನ್ನ ತಾತ ನಮ್ಮಪ್ಪನಿಗೆ ಕೊಟ್ಟರು, ನಮ್ಮಪ್ಪ ನನಗೆ ಕೊಟ್ಟರು, ನಾನು ನಿನಗೆ. ನೀನು ಎಲ್ಲಿದ್ದರೂ ಅದು ಅಲ್ಲಿಗೆ ಬರುತ್ತದೆ.

ಓದು ಮುಗಿಸಿ ಬಾ. ತಿಪಟೂರಿನ ನನ್ನ ಕೊಬ್ಬರಿ ಮಂಡಿಯ ಪಕ್ಕದ ಮಳಿಗೆ ಖಾಲಿ ಇಟ್ಟಿರುತ್ತೇನೆ. ಬೋರ್ಡು ನೇತುಹಾಕುವ ಮೊಳೆ ಈಗಲೇ ಹೊಡೆಸಿದ್ದೇನೆ!

ನಿನ್ನ ತಂದೆಯೂ ಮೊದಲ ಗುರುವೂ ಆದ
ರೇವಣಸಿದ್ದಯ್ಯ


ಮೈಸೂರು
20 ನವೆಂಬರ್ 1974

ಪೂಜ್ಯ ಅಪ್ಪಾಜಿಗೆ ಗಿರಿಜಳ ನಮಸ್ಕಾರ.

ಕೊಬ್ಬರಿ ತಲುಪಿದ ದಿನವೇ ಮಂಚದ ಮೇಲೆ ಕೂತು ಒಬ್ಬಳೇ ತಿಂದೆ. ರೂಮಿನವರು ಕೇಳಿದರೂ ಕೊಡಲಿಲ್ಲ. ಜಿಪುಣಿ ಎಂದು ಹೆಸರು ಬಂತು.

ಹೆಣ ಕೊಯ್ದು ಕಲಿಯುವ ಕೋಣೆಯಲ್ಲಿ ಮೊದಲ ವಾರ ನನಗೆ ದನಿಯೇ ಹೊರಡುತ್ತಿರಲಿಲ್ಲ. ಮೇಷ್ಟ್ರು ತೋಳಿನ ನರದ ಹೆಸರು ಕೇಳಿದರು. ಗೊತ್ತಿತ್ತು. ಬಾಯಿಗೆ ಬರಲಿಲ್ಲ. ಆಗ ನೀವು ತಾಲೀಮಿನಲ್ಲಿ ಹೇಳುವುದು ನೆನಪಾಯಿತು: "ಹೊಟ್ಟೆಯಿಂದ ಎತ್ತವ್ವ, ಕೊನೇ ಸಾಲಿನ್ ಮುದುಕಿಗೆ ಕೇಳ್ಬೇಕು." ಎತ್ತಿದೆ. ಕಾರಿಡಾರಿನಲ್ಲಿ ಹೋಗುತ್ತಿದ್ದ ಜವಾನ ಗಾಬರಿಯಾಗಿ ಒಳಗೆ ಇಣುಕಿದ. ಮೇಷ್ಟ್ರು, "ಯಾವೂರಮ್ಮ?" ಎಂದರು. ನಿಮ್ಮ ಹೆಸರು ಹೇಳಿದೆ. ಊರಿನ ಹೆಸರು ಹೇಳುವುದು ಮರೆತೇ ಹೋಯಿತು.

ಅಮ್ಮನಿಗೆ ಮೊಣಕಾಲಿಗೆ ಎಣ್ಣೆ ಹಚ್ಚಲು ಹೇಳಿ. ನೀವು ಬೀಡಿ ಕಡಿಮೆ ಮಾಡಿ.

ನಿಮ್ಮ ಮಗಳು
ಗಿರಿಜ


ಮೈಸೂರು
11 ಸೆಪ್ಟೆಂಬರ್ 1977

ಪೂಜ್ಯ ಅಪ್ಪಾಜಿಗೆ ನಮಸ್ಕಾರ.

ಈಗ ವಾರ್ಡುಗಳಲ್ಲಿ ಕೆಲಸ. ಕಿವಿ, ಮೂಗು, ಗಂಟಲಿನ ವಿಭಾಗಕ್ಕೆ ಹಾಕಿದ್ದಾರೆ. ಅಲ್ಲಿನ ಮುಖ್ಯಸ್ಥರು ಡಾಕ್ಟರ್ ತೋಂಟದಾರ್ಯ ಸರ್, ಗದಗಿನ ಕಡೆಯವರು. ಅವರು ಎಷ್ಟು ಮೆಲ್ಲಗೆ ಮಾತಾಡುತ್ತಾರೆಂದರೆ ಇಡೀ ವಾರ್ಡು ಉಸಿರು ಹಿಡಿದು ಕೇಳುತ್ತದೆ. ಹಂದನಕೆರೆಯ ಕಡೆಯಿಂದ ಒಬ್ಬ ತಾಯಿ ಕೆಮ್ಮುತ್ತಿದ್ದ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಎಲ್ಲರೂ ನೆಗಡಿ ಎಂದಿದ್ದರಂತೆ. ಸರ್ ಮಗುವಿನ ಬಾಯಿಯ ಹತ್ತಿರ ಕಿವಿ ಇಟ್ಟರು, ನೀವು ಕಾಯಿ ಅಲ್ಲಾಡಿಸಿ ಕೇಳುತ್ತೀರಲ್ಲ, ಥೇಟ್ ಹಾಗೆ. "ಒಳಗ ಏನೋ ಬಡೀಲಿಕ್ಕತ್ತದ ನೋಡ್ರಿ" ಎಂದರು. ಶ್ವಾಸನಾಳದಲ್ಲಿ ಹುಣಿಸೆಬೀಜ! ಸರ್ ತೆಗೆದರು. ಆ ಬೀಜವನ್ನು ನಾನು ಕಣ್ಣಾರೆ ಕಂಡೆ.

ಸರ್ ಹೇಳುತ್ತಾರೆ, ಡಾಕ್ಟರಿಗೆ ಕೈಗಿಂತ ಮೊದಲು ಕಿವಿ ಬೇಕು ಎಂದು. ಸರ್ ಹೇಳುತ್ತಾರೆ, ನನ್ನ ಕಿವಿ ಚೆನ್ನಾಗಿದೆ ಎಂದು.

ಈ ಸಲದ ಕೊಬ್ಬರಿ ಬಂದ ದಿನವೇ ಸರ್ ನನ್ನನ್ನು ಮೊದಲ ಸಲ ಆಪರೇಷನ್ ಥಿಯೇಟರಿನ ಒಳಗೆ ಕರೆದರು. ಗುರುವಿನ ಹತ್ತಿರ ಬರಿಗೈಲಿ ಹೋಗಬಾರದು ಅನ್ನಿಸಿತು. ಅವರಿಗೆ ಕೊಟ್ಟೆ. ತುಂಬ ಸಂತೋಷಪಟ್ಟರು. ನಿಮ್ಮನ್ನು ಕೇಳಿದರು.

ನಿಮ್ಮ
ಗಿರಿಜ


ಹಾಲ್ಕುರಿಕೆ
19 ಸೆಪ್ಟೆಂಬರ್ 1977

ಗಿರಿಜಾಂಬಿಕೆಗೆ,

ಭಲೇ! ಭಲೇ! ಭಲೇ!

ನಿನ್ನ ಕಾಗದವನ್ನು ನಿನ್ನಮ್ಮನಿಗೆ ಓದಿ ಹೇಳಿದೆ. 'ಸರ್' ಎಂಬ ಶಬ್ದ ಬಂದಾಗಲೆಲ್ಲ ಅವಳು ಒಂದೊಂದು ಬೆರಳು ಮಡಚಿದಳು. ಒಂದು ಕೈಯ ಬೆರಳು ಮುಗಿದವು, ಕಾಗದ ಮುಗಿಯಲಿಲ್ಲ! "ಏನ್ರೀ, ನಿಮ್ ಸವತಿ ಮೈಸೂರಲ್ಲವ್ರೆ" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ನಾನು ನಗಲಿಲ್ಲ.

ಕೊಬ್ಬರಿಯ ವಿಚಾರ. ಕೊಟ್ಟದ್ದು ಕೊಟ್ಟಾಯಿತು, ಬಿಡು. ನನಗೇನೂ ಬೇಜಾರಿಲ್ಲ. ಅವರಿಗೆ ಕೊಬ್ಬರಿ ಬೇಕಿದ್ದರೆ ಮೂಟೆ ಕಳಿಸುತ್ತಿದ್ದೆ! ಲಾರಿ ಕಳಿಸುತ್ತಿದ್ದೆ! ಆದರೆ ಅಟ್ಟ ಹತ್ತಿ, ಕತ್ತಲಲ್ಲಿ ಮೊಣಕಾಲೂರಿ, ಒಂದೊಂದು ಕಾಯಿಯನ್ನೂ ಈ ಕಿವಿಗೆ ಹಿಡಿದು, ಇದಲ್ಲ, ಇದಲ್ಲ, ಇದು ನನ್ನ ಮಗಳಿಗೆ ಎಂದು ಆರಿಸಿದ್ದನ್ನು ಒಬ್ಬ ಗದಗಿನ ಮನುಷ್ಯ ಚಟ್ನಿಪುಡಿಗೆ ಹಾಕಿಕೊಂಡನೇ ಎಂದು ಒಂದು ಕ್ಷಣ ಅನ್ನಿಸಿತು. ಒಂದೇ ಕ್ಷಣ.

ಇನ್ನೊಂದು ಮಾತು. ಮೆಲ್ಲಗೆ ಮಾತಾಡುವವರ ವಿಷಯದಲ್ಲಿ ಹುಷಾರು. ನಮ್ಮ ನಾಟಕದಲ್ಲಿ ಮೆಲ್ಲಗೆ ಮಾತಾಡುವವನು ಯಾವಾಗಲೂ ಮಂತ್ರಿಯೇ, ಕೊನೆಯ ಅಂಕದಲ್ಲಿ ವಿಷ ಕೊಡುವವನೂ ಅವನೇ! ನಿನ್ನ ಕಿವಿ ಚೆನ್ನಾಗಿದೆ ಎಂದು ಅವರು ಕಂಡುಹಿಡಿದರಂತೆ. ತೊಡೆಯ ಮೇಲೆ ಕೂರಿಸಿಕೊಂಡು ಕಾಯಿ ಅಲ್ಲಾಡಿಸಿ ಆ ಕಿವಿಯನ್ನು ತಿದ್ದಿದವನು ಯಾರು ಎಂದು ಅವರಿಗೆ ಹೇಳಿದೆಯಾ?

ರೇವಣಸಿದ್ದಯ್ಯ


ಮೈಸೂರು
4 ಏಪ್ರಿಲ್ 1980

ಪೂಜ್ಯ ಅಪ್ಪಾಜಿಗೆ,

ಹೌಸ್‌ಸರ್ಜನ್ ಕೆಲಸ ಮೊನ್ನೆಗೆ ಮುಗಿಯಿತು. ಈಗ ನಾನು ನಿಜವಾಗಿಯೂ ಡಾಕ್ಟರ್.

ಇದನ್ನು ಹೇಗೆ ಬರೆಯಬೇಕೆಂದು ಗೊತ್ತಾಗದೆ ಎರಡು ಕಾಗದ ಹರಿದೆ. ಎಂ.ಎಸ್.ಗೆ ಸೀಟು ಸಿಕ್ಕಿದೆ. ಕಿವಿ, ಮೂಗು, ಗಂಟಲು. ಸರ್ ಕೈಕೆಳಗೆ. ಇನ್ನೂ ಮೂರು ವರ್ಷ ಇಲ್ಲೇ. ತಿಪಟೂರಿನ ಮಳಿಗೆ ನೆನಪಿದೆ. ಮೊಳೆಯೂ ನೆನಪಿದೆ. ಆದರೆ ಈಗ ಬಂದರೆ ನಾನು ಜ್ವರಕ್ಕೆ ಮಾತ್ರೆ ಕೊಡುವ ಡಾಕ್ಟರ್. ಆಮೇಲೆ ಬಂದರೆ ಮುಚ್ಚಿದ ಕಿವಿ ತೆರೆಸುವ ಡಾಕ್ಟರ್. ಹೀಗೆಂದು ಸರ್ ಹೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ಗಿರಿಜ


ಹಾಲ್ಕುರಿಕೆ
12 ಏಪ್ರಿಲ್ 1980

ಡಾಕ್ಟರ್ ಗಿರಿಜಾಂಬಿಕಾ ಅವರಿಗೆ,

ಬೋರ್ಡು ಬರೆಸಿ ಆಗಿತ್ತು. ನಮ್ಮ ನಾಟಕದ ಸೀನರಿ ಬರೆಯುವ ಸಣ್ಣತಿಮ್ಮಯ್ಯ ಅರಮನೆಯ ಪರದೆಗೆ ಉಳಿದಿದ್ದ ಬಂಗಾರದ ಬಣ್ಣದಲ್ಲಿ ಬರೆದಿದ್ದ. 'ಡಾ. ಗಿರಿಜಾಂಬಿಕಾ ರೇವಣಸಿದ್ದಯ್ಯ'. ಎರಡು ಹೆಸರೂ ಒಂದೇ ಸಾಲಿನಲ್ಲಿ. ಈಗ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ.

'ಸರ್ ಹೇಳಲಿಲ್ಲ' ಎಂದು ಬರೆದೆಯಲ್ಲ, ಆ ಒಂದು ಸಾಲಿನಲ್ಲೇ ಗೊತ್ತಾಯಿತು, ಹೇಳಿದವರು ಯಾರೆಂದು.

ಓದು. ಮೂರು ವರ್ಷವಲ್ಲ, ಮೂವತ್ತು ವರ್ಷ ಓದು! ವಜ್ರಕೇತು ರಾಜ್ಯ ಕಳೆದುಕೊಂಡೂ ಬದುಕುತ್ತಾನೆ. ಐದನೆಯ ಅಂಕದವರೆಗೆ.

ರೇ. ಸಿ.


ಹಾಲ್ಕುರಿಕೆ
6 ಡಿಸೆಂಬರ್ 1981

ಚಿ. ಗಿರಿಜೆಗೆ,

ಬಹಳ ತಿಂಗಳಿಂದ ಬರೆದಿಲ್ಲ. ಬರೆಯುವಂಥ ಸುದ್ದಿ ಇರಲಿಲ್ಲ. ಈಗ ಇದೆ! ಕೇಳು!

ನಿನ್ನ ತಂದೆಯ ಕಂಠ ಮಾಗಿದೆ!

ಈ ಯುಗಾದಿಯ ಹೊತ್ತಿಗೆ ದನಿ ಸ್ವಲ್ಪ ಒಡೆದಿತ್ತು. ತಾಲೀಮು ಜಾಸ್ತಿಯಾಯಿತೆಂದು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಸುಮ್ಮನಿದ್ದೆ. ಒಡೆದದ್ದು ಕೂಡಲಿಲ್ಲ. ಒಳಗೆ ಮರಳು ಸುರಿದ ಹಾಗೆ ಒಂದು ಗೊರಗೊರ ಉಳಿಯಿತು. ಹೆದರಿಕೊಂಡೇ ಮಾಯಸಂದ್ರದ ನಾಟಕಕ್ಕೆ ಹೋದೆ. ಐದನೆಯ ಅಂಕ, ಬಾಣ ತಗುಲಿದ ವಜ್ರಕೇತು ಕಿರೀಟ ಕಳಚಿಟ್ಟು ಹಾಡಬೇಕು. ಮೊದಲೆಲ್ಲ ನಾನು ಅದನ್ನು ಗಂಟೆಯ ಹಾಗೆ ಹಾಡುತ್ತಿದ್ದೆ. ಸಾಯುವವನು ಗಂಟೆಯ ಹಾಗೆ ಹಾಡುತ್ತಾನೆಯೇ! ಈ ಸಲ ಆ ಒರಟು ದನಿ ಎದ್ದಿತು ನೋಡು, ಹೆಂಗಸರು ಗೋಳೋ ಎಂದು ಅತ್ತರು. ಒನ್ಸ್‌ಮೋರ್! ಒನ್ಸ್‌ಮೋರ್! ಮೂರು ಸಲ ಸತ್ತೆ!

ಹಾರ್ಮೋನಿಯಂ ರಂಗಪ್ಪ ಮೇಷ್ಟ್ರು ಕಣ್ಣೊರೆಸಿಕೊಂಡು ಹೇಳಿದರು: "ಸಾವ್ಕಾರ್ರೇ, ಇದು ಬಿದ್ದೋದ್ ಕಂಠ ಅಲ್ಲ ಕಣ್ರೀ, ಮಾಗಿರೋ ಕಂಠ. ಅಟ್ಟದ್ ಕಾಯಿ ಇದ್ದಂಗೆ. ಗೊಳಗೊಳ ನೀರಿದ್ದಾಗ ಅದ್ಕೇನ್ ಬೆಲೆ? ಒಣಗಿ ಗಡಗಡ ಅಂದ್ರೇನೇ ಬೆಲೆ." ಹಂದನಕೆರೆಯ ಕೆಂಚಪ್ಪ ಗೊತ್ತಲ್ಲ, ಇಪ್ಪತ್ತು ವರ್ಷದಿಂದ ನನ್ನ ರಾಜಾಪಾರ್ಟಿನ ಮೇಲೆ ಕಣ್ಣಿಟ್ಟವನು? ಅವನೀಗ ನನ್ನ ಹಾಗೆ ದನಿ ಒಡೆಸಿಕೊಳ್ಳಲು ಬೆಳಗ್ಗೆ ಬಾವಿಯೊಳಗೆ ಬಗ್ಗಿ ಕೂಗುತ್ತಿದ್ದಾನಂತೆ! ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವೇ!

ಫೆಬ್ರವರಿಯಲ್ಲಿ ತಿಪಟೂರಿನಲ್ಲಿ ನಾಟಕ ಸ್ಪರ್ಧೆ. ಮೂರು ತಾಲ್ಲೂಕಿನ ಮಂಡಳಿಗಳು. ನಮ್ಮದು ಭಾನುವಾರ ಮಧ್ಯಾಹ್ನದ ಆಟ. ನಿನಗೆ ಬಿಡುವಿರುವುದಿಲ್ಲ. ಸುಮ್ಮನೆ ತಿಳಿಸಿದೆ.

ನಿನ್ನ ತಂದೆ
ವಜ್ರಕೇತು


ಮೈಸೂರು
10 ಡಿಸೆಂಬರ್ 1981

ಅಪ್ಪಾಜಿ,

ದನಿ ಯುಗಾದಿಯಿಂದ ಒಡೆದೇ ಇದೆಯೇ, ನಡುವೆ ಒಂದು ದಿನವಾದರೂ ಸರಿಹೋಗಿತ್ತೇ? ನುಂಗುವಾಗ ನೋವಿದೆಯೇ? ಕಿವಿಗೆ ಸೆಳೆಯುತ್ತದೆಯೇ? ಬೀಡಿ ಬಿಟ್ಟಿದ್ದೀರಾ? ಮೂರು ವಾರ ದಾಟಿದ ಒರಟು ದನಿಯನ್ನು ನಾವು ಇಲ್ಲಿ ಕನ್ನಡಿ ಇಟ್ಟು ನೋಡದೆ ಬಿಡುವುದಿಲ್ಲ. ನಿಮಗೆ ಎಂಟು ತಿಂಗಳಾಗಿದೆ.

ಮುಂದಿನ ಗಾಡಿಗೆ ಬನ್ನಿ. ಕಿರೀಟ ಬೇಡ, ಪಂಚೆ ಸಾಕು.

ಗಿರಿಜ


ಹಾಲ್ಕುರಿಕೆ
18 ಡಿಸೆಂಬರ್ 1981

ಗಿರಿಜೆಗೆ,

ಅಕ್ಷರ ನನ್ನ ಮಗಳದು. ಮಾತು ಯಾರದು? ಕನ್ನಡಿ ಯಾರದು?

ಒಬ್ಬ ಕಲಾವಿದ ಮೂವತ್ತು ವರ್ಷ ಮಣ್ಣು ಹೊತ್ತ ಮೇಲೆ ಸಿಕ್ಕ ಕಂಠವನ್ನು 'ಎಂಟು ತಿಂಗಳು' ಎಂದು ಲೆಕ್ಕ ಹಾಕುವುದು ಯಾರ ಪಾಠವೆಂದು ನನಗೆ ತಿಳಿಯದೇ? ನಾನು ಅಲ್ಲಿಗೆ ಬಂದು, ಆ ಮನುಷ್ಯನ ಮುಂದೆ ಸ್ಟೂಲಿನ ಮೇಲೆ ಕೂತು, ಬಾಯಿ ತೆರೆದು, ಆ ಎನ್ನಬೇಕು. ಅವರು ನನ್ನ ಕಂಠದಲ್ಲಿ ಒಂದು ತಪ್ಪು ಕಂಡುಹಿಡಿಯಬೇಕು. ನೀನು ಪಕ್ಕದಲ್ಲಿ ನಿಂತು, ಹೌದು ಸರ್, ಎನ್ನಬೇಕು. ಇದಲ್ಲವೇ ಸೀನು? ಈ ಪಾರ್ಟು ನಾನು ಮಾಡುವುದಿಲ್ಲ!

ಗಂಟಲು ಈಗ ಸರಿಯಾಗಿದೆ. ಪೂರ್ತಿ ಸರಿಯಾಗಿದೆ.

ರೇವಣಸಿದ್ದಯ್ಯ

(ಗಿರಿಜ, ಇಷ್ಟು ಬರೆದು ಅಂಟಿಸೋಕೆ ಮುಂಚೆ ನಿಮ್ಮಪ್ಪ ಅಂಗಡಿಗೆ ಹೋದ್ರು. ಸರಿಯಾಗಿಲ್ಲ ಕಣೇ. ನೀನು ಪೋಸ್ಟಾಫೀಸಿಗೆ ಫೋನು ಮಾಡಿಸಿದ ದಿನ ಮನೆಯಲ್ಲೇ ಇದ್ರು. ಮಾತಾಡಿದ್ರೆ ನಿಂಗೆ ಗೊತ್ತಾಗುತ್ತೆ ಅಂತ ಅರಸೀಕೆರೆಗೆ ಹೋಗಿದ್ದಾರೆ ಅಂತ ಹೇಳಿಸಿದ್ರು. ಅಮ್ಮ.)


ಮೈಸೂರು
23 ಫೆಬ್ರವರಿ 1982

ಅಪ್ಪಾಜಿ,

ಭಾನುವಾರ ನಾನು ತಿಪಟೂರಿಗೆ ಬಂದಿದ್ದೆ. ನಿಮಗೆ ಗೊತ್ತು. ಎರಡನೆಯ ಅಂಕದಲ್ಲಿ ನೀವು ನನ್ನನ್ನು ಹೆಂಗಸರ ನಡುವೆ ನೋಡಿದಿರಿ. ಆಮೇಲೆ ಪ್ರತಿ ಸಾಲನ್ನೂ ನಾನು ಕೂತ ಕಡೆಗೇ ಎಸೆದಿರಿ.

ಪಕ್ಕದಲ್ಲಿ ಹುಚ್ಚಕ್ಕ ಅಂತ ಒಬ್ಬರು ವಯಸ್ಸಾದವರು ಕೂತಿದ್ದರು. "ನಿಮ್ಮಪ್ಪನ್ ಗಂಟ್ಲಾಗೆ ದೇವ್ರವ್ನೆ ಕಣವ್ವ" ಎಂದು ನನ್ನ ಕೈ ಹಿಡಿದುಕೊಂಡರು. ನಾನೂ ಕೇಳಿಸಿಕೊಳ್ಳುತ್ತಿದ್ದೆ ಅಪ್ಪಾಜಿ. ಕಥೆ ಕೇಳಿಸಲಿಲ್ಲ. ಹಾಡು ಕೇಳಿಸಲಿಲ್ಲ. ಗಂಟಲಿನಲ್ಲಿ ಎರಡು ಎಳೆಗಳಿರುತ್ತವೆ, ಅವು ಕೂಡಿದರೆ ದನಿ. ನಿಮ್ಮವು ಕೂಡುತ್ತಿಲ್ಲ. ನಡುವೆ ಏನೋ ಇದೆ. ಪ್ರತಿ ಸಾಲಿನ ಕೊನೆಯಲ್ಲೂ ಗಾಳಿ ಸೋರುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರು ಪ್ರತಿ ಸಲ ತಟ್ಟಿದಾಗಲೂ ನೀವು ಅದನ್ನೇ ಇನ್ನಷ್ಟು ಜೋರಾಗಿ ಮಾಡಿದಿರಿ.

ನೀವು ಸತ್ತ ಮೇಲೆ, ಅಂದರೆ ವಜ್ರಕೇತು ಸತ್ತ ಮೇಲೆ, ನನಗೆ ಅಲ್ಲಿ ಕೂರಲು ಆಗಲಿಲ್ಲ. ಒಳಗೆ ಬಂದು ಮಾತಾಡಿಸದೆ ರೈಲು ಹತ್ತಿದೆ. ತಪ್ಪಾಯಿತು.

ಬನ್ನಿ. ಕೈ ಮುಗಿಯುತ್ತೇನೆ.

ಗಿರಿಜ


ಹಾಲ್ಕುರಿಕೆ
1 ಮಾರ್ಚ್ 1982

ನನಗೆ ಮೊದಲ ಬಹುಮಾನ ಬಂತು. ಬೆಳ್ಳಿಯ ಕಪ್ಪು. ಅದನ್ನು ಹಿಡಿದು ವೇಷದಲ್ಲೇ ಓಡಿ ಬಂದೆ. ನೀನು ಕೂತಿದ್ದ ಜಾಗದಲ್ಲಿ ಕೂರಲು ಹಾಸಿದ್ದ ಒಂದು ಮಡಚಿದ ಪೇಪರ್ ಮಾತ್ರ ಇತ್ತು.

ಎಂಟು ವರ್ಷವಾಯಿತು ನೀನು ನನ್ನ ನಾಟಕ ನೋಡಿ. ನನ್ನ ಮಗಳು ಬಂದಿದ್ದಾಳೆ ಎಂದು ನಾನು ಆಡಿದೆ. ಬಂದದ್ದು ನನ್ನ ಮಗಳಲ್ಲ, ಆ ಮನುಷ್ಯನ ಕಿವಿ. ಮನೆ ಬಿಟ್ಟುಕೊಟ್ಟೆ, ಮಳಿಗೆ ಬಿಟ್ಟುಕೊಟ್ಟೆ, ಅಟ್ಟದ ಮೊದಲ ಕೊಬ್ಬರಿಯನ್ನೂ ಬಿಟ್ಟುಕೊಟ್ಟೆ. ರಂಗಸ್ಥಳ ಒಂದಿತ್ತು ನನ್ನದು ಅಂತ. ಅಲ್ಲಿಗೂ ಅವರನ್ನು ಕರೆದುಕೊಂಡು ಬಂದೆಯಾ?

ಇನ್ನು ಬರೆಯಬೇಡ.

ರೇ.


ಮೈಸೂರು
25 ಮಾರ್ಚ್ 1982

ಅಪ್ಪಾಜಿ,

ಮುಂದಿನ ಗುರುವಾರ ಮಧ್ಯಾಹ್ನ ಹೊರರೋಗಿಗಳ ವಿಭಾಗಕ್ಕೆ ರಜ. ಸರ್‌ಗೆ ನಾನು ಏನೂ ಹೇಳಿಲ್ಲ. ಕನ್ನಡಿ ನನ್ನದೇ, ನನ್ನ ಸ್ಟೈಪೆಂಡಿನಲ್ಲಿ ಕೊಂಡದ್ದು. ನಾನೊಬ್ಬಳೇ ನೋಡುತ್ತೇನೆ.

ಗಿರಿಜ


ಮೈಸೂರು, ಆಸ್ಪತ್ರೆ
5 ಏಪ್ರಿಲ್ 1982

ಸೌಭಾಗ್ಯವತಿ ಗುರುಸಿದ್ದಮ್ಮನಿಗೆ,

ನನಗೆ ಮಾತಾಡಬಾರದು ಎಂದು ಆಜ್ಞೆಯಾಗಿದೆ. ಪಿಸುಮಾತೂ ಕೂಡದಂತೆ. ಅದಕ್ಕೇ ಬರೆಯುತ್ತಿದ್ದೇನೆ. ಇಡೀ ಜನ್ಮದಲ್ಲಿ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಹೆದರಬೇಡ, ಕೂತು ಓದು. ನಗು ಬಂದರೆ ನಗು.

ಗುರುವಾರ ಮಗಳು ಗೇಟಿನಲ್ಲೇ ನಿಂತಿದ್ದಳು. ನಾನು, "ಏನಮ್ಮಾ ಡಾಕ್ಟ್ರೇ" ಎಂದೆ. ಅಷ್ಟಕ್ಕೇ ಅವಳ ಮುಖ ಬದಲಾಯಿತು, ನನ್ನ ದನಿ ಕೇಳಿ. ಖಾಲಿ ಕೋಣೆ, ಒಂದು ಸ್ಟೂಲು, ಒಂದು ದೀಪ. ಹಣೆಗೆ ದುಂಡನೆಯ ಕನ್ನಡಿ ಕಟ್ಟಿಕೊಂಡಳು ಗುರುಸಿದ್ದೀ, ಆಹಾ! ಕಿರೀಟವೇ! ಆ ಗತ್ತು ನಾನು ಮೂವತ್ತು ವರ್ಷ ಕಿರೀಟ ಹೊತ್ತರೂ ನನಗೆ ಬಂದಿಲ್ಲ. ಸಣ್ಣ ಕನ್ನಡಿಯೊಂದನ್ನು ದೀಪಕ್ಕೆ ಹಿಡಿದು ಬಿಸಿ ಮಾಡಿ, ತನ್ನ ಕೈ ಮೇಲೆ ಇಟ್ಟು ನೋಡಿ, ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, "ಈ ಅನ್ನಿ ಅಪ್ಪಾಜಿ" ಎಂದಳು.

ಈ ಎಂದೆ.

ಅವಳು ನೋಡಿದಳು. ಕನ್ನಡಿ ಟ್ರೇಯಲ್ಲಿಟ್ಟು, "ಒಂದ್ನಿಮಿಷ" ಎಂದು ಹೊರಗೆ ಹೋದಳು. ಬಾಗಿಲ ಸಂದಿನಿಂದ ನನಗೆ ಕಾಣಿಸುತ್ತಿತ್ತು. ಕಾರಿಡಾರಿನ ಕೊನೆಯಲ್ಲಿ ಬಿಳಿ ಕೋಟಿನ ಒಬ್ಬ ಕುಳ್ಳನೆಯ ಮನುಷ್ಯ ಬರುತ್ತಿದ್ದರು. ಇವಳು ಹೋಗಿ ಅವರ ಮುಂದೆ ನಿಂತು ಬಿಕ್ಕಿಬಿಕ್ಕಿ ಅತ್ತಳು.

ಗುರುಸಿದ್ದೀ, ನನ್ನ ಗಂಟಲಲ್ಲಿ ಏನಿದೆಯೋ ಎಂಬ ಭಯ ಆ ಹೊತ್ತಿನಲ್ಲಿ ನನಗೆ ಬರಲಿಲ್ಲ. ಆಣೆಯಿಟ್ಟು ಹೇಳುತ್ತೇನೆ. ನನ್ನ ಮಗಳ ಕಣ್ಣೀರು ಇನ್ನೊಬ್ಬನ ಮುಂದೆ ಬಿತ್ತಲ್ಲ, ಅದೊಂದೇ ಹೊಟ್ಟೆಯಲ್ಲಿ ಉರಿಯಿತು. ಎದ್ದು ಹೊರಟುಬಿಡೋಣ ಎಂದುಕೊಂಡೆ. ಚಪ್ಪಲಿಯನ್ನೂ ಮೆಟ್ಟಿದ್ದೆ.

ಅಷ್ಟರಲ್ಲಿ ಇಬ್ಬರೂ ಒಳಗೆ ಬಂದರು. ಆ ಮನುಷ್ಯ ನನಗೆ ಕೈ ಮುಗಿದು, ನಿನ್ನಾಣೆ, ಏನೂ ಕೇಳಿಸದಷ್ಟು ಮೆಲ್ಲಗೆ ಏನೋ ಹೇಳಿದರು. ನಾನು ಬಗ್ಗಿ, "ಏನಂದ್ರಿ?" ಎಂದೆ. "ಕೊಬ್ಬರಿ ಭಾಳ ಛಲೋ ಇತ್ತರಿ" ಎಂದರು. ಐದು ವರ್ಷದ ಹಿಂದಿನ ಕೊಬ್ಬರಿ! ಮೆಟ್ಟಿದ ಚಪ್ಪಲಿ ಕಳಚಿದೆ.

ಇನ್ನು ಇವನೇ ಕನ್ನಡಿ ಹಿಡಿಯುತ್ತಾನೆ, ನನ್ನ ಮಗಳನ್ನು ಪಕ್ಕಕ್ಕೆ ಸರಿಸುತ್ತಾನೆ ಎಂದು ಹಲ್ಲು ಕಚ್ಚಿ ಕೂತೆ. ಅವರು ಕನ್ನಡಿ ಮುಟ್ಟಲೇ ಇಲ್ಲ. "ನೀವ ನೋಡ್ರಿ ಗಿರಿಜಾ. ಮತ್ತೊಮ್ಮೆ ನೋಡ್ರಿ. ನಾ ಹಿಡ್ಕೋತೀನಿ" ಎಂದರು. ಬಗ್ಗಿ, ಬಟ್ಟೆ ತೆಗೆದುಕೊಂಡು, ನನ್ನ ನಾಲಿಗೆ ಹಿಡಿದುಕೊಂಡರು. ಕಲಿಯುವ ಹುಡುಗರಿಗೆ ಹೇಳುವ ಕೆಲಸ, ತಾವೇ ಮಾಡಿದರು. ಮಗಳು ಮೂಗು ಒರೆಸಿಕೊಂಡು, ಕನ್ನಡಿ ಬಿಸಿ ಮಾಡಿ, ಈ ಸಲ ಕೊನೆಯವರೆಗೂ ನೋಡಿದಳು. ನೋಡಿದ್ದನ್ನು ಕೊನೆಯ ಸಾಲಿನ ಮುದುಕಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು. ಇಂಗ್ಲಿಷು. ನನಗೆ ತಿಳಿಯಲಿಲ್ಲ. ಆದರೆ ಆ ದನಿ ಯಾರದು ಎಂದು ತಿಳಿಯಿತು.

ವಜ್ರಕೇತುವಿನ ನಾಲಿಗೆ ಶತ್ರುವಿನ ಕೈಯಲ್ಲಿ. ಅಂಥ ಸೀನು ಯಾವ ನಾಟಕದಲ್ಲೂ ಇಲ್ಲ.

ಶನಿವಾರ ಮಂಪರಿನ ಔಷಧ ಕೊಟ್ಟು, ಗಂಟಲಲ್ಲಿ ಬೆಳೆದಿದ್ದ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ತೆಗೆದವರು ಅವರು, ಪಕ್ಕದಲ್ಲಿ ನಿಂತವಳು ಇವಳು. ಕೆಟ್ಟ ಗಡ್ಡೆಯೇ ಇರಬಹುದು ಎಂದು ಮಗಳು ನನ್ನ ಹಾಸಿಗೆಯ ಮೇಲೆ ಕೂತು ಹೇಳಿದಳು, ಮುಚ್ಚಿಡಲಿಲ್ಲ. ಬೆಳೆದದ್ದು ಕಡಿಮೆ, ಬೆಂಗಳೂರಿನಲ್ಲಿ ಕೆಲವು ವಾರ ಕರೆಂಟು, ಎಂದರೆ ಕಿರಣದ ಚಿಕಿತ್ಸೆ, ಕೊಟ್ಟರೆ ಜೀವಕ್ಕೆ ಭಯವಿಲ್ಲ, ದನಿಯೂ ಒಂದಿಷ್ಟು ಉಳಿಯುತ್ತದೆ, ಇನ್ನೊಂದು ವರ್ಷ ಕಂಠ ಮಾಗಿಸಿದ್ದರೆ ಎರಡೂ ಉಳಿಯುತ್ತಿರಲಿಲ್ಲ ಎಂದಳು. ಆಮೇಲೆ ನನ್ನ ತೋಳಿಗೆ ತಲೆಯಿಟ್ಟು ಅತ್ತಳು. ಇಲ್ಲಿಯೂ ಅತ್ತಳು ಗುರುಸಿದ್ದೀ. ಅಲ್ಲಿಗಿಂತ ಹೆಚ್ಚು ಹೊತ್ತು.

ಬೀಡಿಕಟ್ಟುಗಳು ಹಾರ್ಮೋನಿಯಂ ಪೆಟ್ಟಿಗೆಯ ಹಿಂದಿವೆ. ಎಸೆದುಬಿಡು.

ನಿನ್ನ
ರೇವಣಸಿದ್ದಯ್ಯ


ಮೈಸೂರು
8 ಆಗಸ್ಟ್ 1983

ಪೂಜ್ಯ ಅಪ್ಪಾಜಿಗೆ,

ಎಂ.ಎಸ್. ಪಾಸಾದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಇಷ್ಟು ಜೋರಾಗಿ ಯಾಕಮ್ಮ ಉತ್ತರ ಹೇಳ್ತೀಯ, ನಾವೇನು ಕಿವುಡರಾ?" ಎಂದರು.

ಸರ್ ತಮ್ಮ ವಿಭಾಗದಲ್ಲೇ ಕೆಲಸಕ್ಕೆ ಉಳಿಯಿರಿ ಎಂದಿದ್ದಾರೆ. ಉತ್ತರ ಹೇಳಿಲ್ಲ. ನನಗೆ ಉಳಿಯುವ ಆಸೆ ಇದೆ. ಕಳೆದ ಸಲದ ಹಾಗೆ ಸುತ್ತಿ ಬಳಸಿ ಬರೆಯುವುದಿಲ್ಲ. ಆದರೆ ತಿಪಟೂರಿನಲ್ಲಿ ಒಂದು ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿದೆ. ನೀವು ಬಾ ಎಂದರೆ ಬರುತ್ತೇನೆ, ಬೇಜಾರಿಲ್ಲದೆ.

ದನಿ ಹೇಗಿದೆ? ಮುಂದಿನ ತಿಂಗಳು ಕನ್ನಡಿಗೆ ಬರಬೇಕು, ಮರೆಯಬೇಡಿ.

ನಿಮ್ಮ
ಗಿರಿಜ


ಹಾಲ್ಕುರಿಕೆ
4 ಸೆಪ್ಟೆಂಬರ್ 1983

ಡಾಕ್ಟರ್ ಮಗಳೇ,

ಭಲೇ! ಕಾಗದದ ಮೇಲಾದರೂ ಕೂಗುತ್ತೇನೆ. ಭಲೇ!!

ದನಿ ಹೇಗಿದೆ ಎಂದು ಕೇಳಿದೆ. ಇದೆ. ಕೋಣೆಗೆ ಸಾಲುತ್ತದೆ, ಬಯಲಿಗೆ ಸಾಲದು. ಮಂಡಿಯಲ್ಲಿ ನಾನು ಮಾತಾಡಿದರೆ ಈಗ ಜನ ಹತ್ತಿರ ಬಂದು ಬಗ್ಗುತ್ತಾರೆ. ನಾನು ಕೂಗಿದಾಗ ಯಾರೂ ಇಷ್ಟು ಚೆನ್ನಾಗಿ ಕೇಳಿಸಿಕೊಂಡಿರಲಿಲ್ಲ ಎಂದು ನಿನ್ನಮ್ಮ ಅನ್ನುತ್ತಾಳೆ. "ನಮ್ಮೋರು ಅವ್ರ್ ಮೈಸೂರ್ ಸವತಿ ತರಾನೇ ಆಗೋದ್ರು" ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ.

ರಾಜಾಪಾರ್ಟು ಕೆಂಚಪ್ಪನಿಗೆ ಹೋಯಿತು. ಮೊನ್ನೆ ಅವನ ಆಟ ನೋಡಲು ಹೋದೆ. ಮುಂದಿನ ಸಾಲಿನಲ್ಲಿ ಕೂತು ನನ್ನ ಕಿರೀಟ ಅವನ ತಲೆಯ ಮೇಲೆ ನೋಡುವುದಿದೆಯಲ್ಲ, ಕರೆಂಟು ಕೊಟ್ಟಾಗಲೂ ಅಷ್ಟು ಸುಟ್ಟಿರಲಿಲ್ಲ. ಕೆಟ್ಟದಾಗಿ ಮಾಡಲಿ ಎಂದು ಹರಸಿಕೊಂಡೆ. ಮೂರನೆಯ ಅಂಕದಲ್ಲಿ ಅವನ ದನಿ ಒಡೆಯಿತು. ಜನ ಚಪ್ಪಾಳೆ ತಟ್ಟಿದರು. ರಂಗಪ್ಪ ಮೇಷ್ಟ್ರು ಕಣ್ಣೊರೆಸಿಕೊಂಡರು. ನಾನು ಎದ್ದು ಒಳಗೆ ಹೋಗಿ, "ಲೇ ಕೆಂಚ, ಎಷ್ಟ್ ದಿನಾಯ್ತ್ಲಾ ಹಿಂಗೆ?" ಎಂದೆ. "ನಿಂಗ್ ಹೊಟ್ಟೆಕಿಚ್ಚು ಕಣ್ಲಾ ಸಿದ್ದಯ್ಯ!" ಎಂದು ಎಗರಾಡಿದ. "ಹೂಂ ಕಣ್ಲಾ, ಹೊಟ್ಟೆಕಿಚ್ಚೇ, ನಡಿ ಮೈಸೂರಿಗೆ" ಎಂದು ರಟ್ಟೆ ಹಿಡಿದೆ. ಈ ತಿಂಗಳು ಕನ್ನಡಿಗೆ ಇಬ್ಬರೂ ಬರುತ್ತೇವೆ. ಮೊದಲು ನನ್ನದು ನೋಡು.

ಬೋರ್ಡು ತಿರುಗಿಸಿದ್ದೇನೆ. ನೇತುಹಾಕಿದ್ದೇನೆ, ಅದೇ ಮೊಳೆಗೆ. ಕಿವಿನೋವು, ಗಂಟಲುನೋವು ಎಂದು ಬಂದವರಿಗೆ, ಡಾಕ್ಟರು ಮೈಸೂರಲ್ಲಿದ್ದಾರೆ ಎಂದು ಗಾಡಿಯ ಹೊತ್ತು ಹೇಳಿ ಕಳಿಸುತ್ತೇನೆ. ಆದ್ದರಿಂದ ನೀನು ಅಲ್ಲೇ ಇರಬೇಕು. ಇಷ್ಟು ಬರೆಯಲು ನನಗೆ ಮೂರು ವಾರ ಹಿಡಿಯಿತು, ಇನ್ನೊಂದು ಸಲ ಕೇಳಬೇಡ.

ನಿನ್ನೆ ಅಟ್ಟ ಇಳಿಸಿದೆವು. ಈ ಸಲ ಎರಡು ಕೊಬ್ಬರಿ ಕಳಿಸಿದ್ದೇನೆ. ಕೆಂಪು ದಾರ ಕಟ್ಟಿದ್ದು ಮೊದಲು ಒಡೆದದ್ದು, ಅದು ನಿನಗೆ. ದಾರವಿಲ್ಲದ್ದು ನಿನ್ನ ಸರ್‌ಗೆ, ನನ್ನ ನಮಸ್ಕಾರದ ಜೊತೆ.

ಅದಲುಬದಲಾಗಬಾರದು.

ನಿನ್ನ ತಂದೆ
ರೇವಣಸಿದ್ದಯ್ಯ